ತಟ್ಟೆಯಲ್ಲಿ ಉಳಿದದ್ದು, ಫೈಲಿನಲ್ಲಿ ಸಿಕ್ಕಿದ್ದು

ಗಂಗೂಬಾಯಿ ಹಾನಗಲ್ ಎಂದರೆ ನಮಗೆ ನೆನಪಾಗುವುದು ತುಂಬಿದ, ಗಡಸಾದ, ಗಂಡುದನಿಯೇನೋ ಅನ್ನಿಸುವ ಆ ಷಡ್ಜ. ಆದರೆ ಅವರಿಗೆ ಅದಕ್ಕೂ ಮುಂಚೆ ಇನ್ನೊಂದು ದನಿ ಇತ್ತು. 1930ರ ದಶಕದಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಎಚ್‌ಎಂವಿ ಕಂಪನಿಗೆ ಅವರು ಹಾಡಿಕೊಟ್ಟ ಗ್ರಾಮಾಫೋನ್ ಪ್ಲೇಟುಗಳಲ್ಲಿ ಕೇಳಿಸುವುದು ತೆಳ್ಳಗಿನ, ಚೂಪಾದ, ತಾರಸಪ್ತಕಕ್ಕೆ ಸಲೀಸಾಗಿ ಏರುವ ಹೆಣ್ಣುದನಿ. ಆಗ ಅವರು ಹಾಡುತ್ತಿದ್ದ ಹೆಸರೂ ಬೇರೆ: ಹುಬ್ಬಳ್ಳಿಯ ಗಾಂಧಾರಿ. ಮುಂದೆ ಗಂಟಲಿನ ತೊಂದರೆ, ಅದರ ಚಿಕಿತ್ಸೆ ಎಲ್ಲ ಆಗಿ ದನಿ ಕೆಳಗಿಳಿಯಿತು. ಆ ಇಳಿದ ದನಿಯನ್ನೇ ಅವರು ತಮ್ಮ ಹೆಗ್ಗುರುತು ಮಾಡಿಕೊಂಡರು. ಮೊದಲಿನ ದನಿಗೆ ಇವತ್ತು ಉಳಿದಿರುವ ಸಾಕ್ಷಿ ಅರಗಿನ ಆ ತಟ್ಟೆಗಳು. ನಾನು ಮಾತ್ರ ಆ ದನಿಯನ್ನು ತಟ್ಟೆಯಿಂದ ಕೇಳಿದವನಲ್ಲ. ನಾಗಪುರದ ಕಳಮನಾದ ಮನೆಯಲ್ಲಿ ಕೂತು, ಫೋನಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಕೇಳಿದೆ. ತಟ್ಟೆ ಇಲ್ಲದಿದ್ದರೆ ಆ ದನಿ ಉಳಿಯುತ್ತಿರಲಿಲ್ಲ, ಡಿಜಿಟಲ್ ಇಲ್ಲದಿದ್ದರೆ ನನ್ನವರೆಗೆ ಬರುತ್ತಿರಲಿಲ್ಲ. ಎಲ್‌ಪಿ ಮೇಲೋ ಸಿಡಿ ಮೇಲೋ ಫೈಲು ಮೇಲೋ ಎಂಬ ವಾದಕ್ಕೆ ಯಾರಾದರೂ ನನ್ನನ್ನು ಎಳೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಸಂಗತಿ.

ಆ ವಾದ ಈಗ ಮತ್ತೆ ಜೋರಾಗಿದೆ. ಅಮೆರಿಕದಲ್ಲಿ 2020ರಲ್ಲಿ ಎಲ್‌ಪಿ ಮಾರಾಟದಿಂದ ಬಂದ ಹಣ ಸಿಡಿಯದನ್ನು ದಾಟಿತು. 2022ರಲ್ಲಿ ಸಂಖ್ಯೆಯಲ್ಲೂ ದಾಟಿತು: 4.1 ಕೋಟಿ ಎಲ್‌ಪಿ, 3.3 ಕೋಟಿ ಸಿಡಿ. 1987ರ ನಂತರ ಹಾಗಾದದ್ದು ಅದೇ ಮೊದಲು. ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಹೊಸ ಹುಡುಗರು ಟರ್ನ್‌ಟೇಬಲ್ ಕೊಳ್ಳುತ್ತಿದ್ದಾರೆ, ಅಜ್ಜನ ಅಟ್ಟದಲ್ಲಿದ್ದ ಎಲ್‌ಪಿಗಳನ್ನು ಕೆಳಗಿಳಿಸುತ್ತಿದ್ದಾರೆ. ಅದೇ 2022ರಲ್ಲಿ ಅಮೆರಿಕದ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ನೂರಕ್ಕೆ 84 ಪಾಲು ಬಂದದ್ದು ಸ್ಟ್ರೀಮಿಂಗಿನಿಂದ ಎಂಬುದನ್ನೂ ಮರೆಯಬಾರದು. ಎಲ್‌ಪಿ ಗೆದ್ದದ್ದು ಸಿಡಿಯ ಎದುರಿಗೆ ಮಾತ್ರ.

ಮೊದಲು ಶಬ್ದದ ವಿಚಾರ. ಎಲ್‌ಪಿ ಬಲ್ಲವರು ಹೇಳುವುದು ಇಷ್ಟು: ತಟ್ಟೆಯ ಗೆರೆ ದನಿಯ ಅಲೆಯನ್ನೇ ಹೋಲುತ್ತದೆ, ಎಲ್ಲೂ ತುಂಡಾಗಿಲ್ಲ, ಸಿಡಿಯಲ್ಲಿ ದನಿಯನ್ನು ಕತ್ತರಿಸಿ ಅಂಕಿಗಳಾಗಿ ಬರೆದಿಟ್ಟಿರುತ್ತಾರೆ, ಆದ್ದರಿಂದ ಏನೋ ಕಳೆದುಹೋಗುತ್ತದೆ. ಕೇಳಲು ನ್ಯಾಯವಾಗಿಯೇ ಇದೆ ಈ ಮಾತು, ಆದರೆ ನಿಜವಲ್ಲ. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ಹೊರತಂದ ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಬರೆಯಲಾಗುತ್ತದೆ. ಹೀಗೆ ಅಳೆದರೆ 22 ಸಾವಿರ ಹರ್ಟ್ಸ್‌ವರೆಗಿನ ದನಿಯೆಲ್ಲ ಪೂರ್ತಿಯಾಗಿ ಸಿಗುತ್ತದೆ. ಎಳೆಯ ಕಿವಿಗೂ ಕೇಳಿಸುವುದು 20 ಸಾವಿರದವರೆಗೆ, ನಮ್ಮಂಥ ವಯಸ್ಸಾದವರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಆ ಅಂಕಿಗಳು ಸ್ಪೀಕರಿಗೆ ಹೋಗುವ ಮುಂಚೆ ಮತ್ತೆ ಅಲೆಯೇ ಆಗುತ್ತವೆ, ಮೆಟ್ಟಿಲು ಮೆಟ್ಟಿಲಾಗಿ ಉಳಿಯುವುದಿಲ್ಲ. ಅತಿ ಮೆಲ್ಲಗಿನ ದನಿಗೂ ಅತಿ ಜೋರಿನ ದನಿಗೂ ನಡುವಿನ ಅಂತರ ಸಿಡಿಯಲ್ಲಿ 96 ಡೆಸಿಬೆಲ್‌ವರೆಗೆ ಸಿಗುತ್ತದೆ. ಒಳ್ಳೆಯ ಎಲ್‌ಪಿಯಲ್ಲಿ ಅದು 70ರ ಹತ್ತಿರಕ್ಕೆ ಬಂದರೆ ಹೆಚ್ಚು.

ಈ ಲೆಕ್ಕ ನಮ್ಮ ಸಂಗೀತಕ್ಕೆ ಹೇಗೆ ತಗಲುತ್ತದೆ ಎಂಬುದನ್ನು ತಂಬೂರಿಯಲ್ಲಿ ನೋಡಬಹುದು. ಹಿಂದೂಸ್ತಾನಿ ಗಾಯಕ ಆಲಾಪದಲ್ಲಿ ಉಸಿರು ತಗೊಂಡಾಗ, ಸ್ವರವೊಂದನ್ನು ಹಚ್ಚಿ ಬಿಟ್ಟಾಗ, ಆ ನಡುವಿನ ಜಾಗವನ್ನು ತುಂಬುವುದು ತಂಬೂರಿಯ ಜವಾರಿ. ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟುಗಳಲ್ಲಿ ತಂಬೂರಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಚರಪರ ಸದ್ದೇ ಅದನ್ನು ನುಂಗಿರುತ್ತದೆ. ಎಲ್‌ಪಿಯಲ್ಲಿ ಕೇಳಿಸುತ್ತದೆ, ಆದರೆ ತಟ್ಟೆಯ ಮೇಲ್ಮೈಯ ಸದ್ದಿನ ಜೊತೆ ಗುದ್ದಾಡುತ್ತ. ಒಳ್ಳೆಯ ಸಿಡಿಯಲ್ಲಿ ಎರಡು ತಂಬೂರಿಗಳ ಶ್ರುತಿಯನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳುವವನಿಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ತೊಂದರೆ ಎಲ್‌ಪಿಯ ಆಕಾರದಲ್ಲೇ ಇದೆ. ಹನ್ನೆರಡು ಇಂಚಿನ ತಟ್ಟೆ ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ, ಶುರುವಿನಿಂದ ಕೊನೆಯವರೆಗೂ ಒಂದೇ ವೇಗ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಲೇಬಲ್ಲಿನ ಹತ್ತಿರ ಬರುವ ಹೊತ್ತಿಗೆ ಅದು 20ಕ್ಕೆ ಇಳಿಯುತ್ತದೆ. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಸಬೇಕು. ಆದ್ದರಿಂದ ತಟ್ಟೆಯ ಕೊನೆಯಲ್ಲಿ ದನಿ ಒರಟಾಗುತ್ತದೆ. ಖಯಾಲಿನ ಕ್ರಮವನ್ನು ನೆನೆಸಿಕೊಳ್ಳಿ: ವಿಲಂಬಿತದಲ್ಲಿ ನಿಧಾನವಾಗಿ ಶುರು, ಕೊನೆಗೆ ದ್ರುತ್, ತಾನುಗಳ ಸುರಿಮಳೆ, ತಬಲಾದ ಬಿರುಸು. ಅಂದರೆ ತಟ್ಟೆಗೆ ತ್ರಾಣ ಹೆಚ್ಚಿರುವ ಕಡೆ ಮೆಲ್ಲಗಿನ ಗಾಯನ ಬರುತ್ತದೆ, ತ್ರಾಣ ಕಡಿಮೆಯಾದ ಕಡೆ ಗಾಯಕ ತನ್ನ ಪೂರ್ತಿ ಬಲ ಹಾಕುತ್ತಾನೆ. ಜೊತೆಗೆ ಒಂದು ಬದಿಗೆ ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷ ತುಂಬಿಸಿದರೆ ಗೆರೆಗಳು ಒತ್ತೊತ್ತಾಗಿ ಕೂರಬೇಕು, ಆಗ ದನಿಯ ಮಟ್ಟವನ್ನೇ ಇಳಿಸಬೇಕಾಗುತ್ತದೆ. ಇಂಥ ಸಾಧನದಲ್ಲಿ ನಲವತ್ತು ನಿಮಿಷದ ಮಿಯಾಂಕಿ ತೋಡಿಯನ್ನು ಕೂರಿಸಿದಾಗ ಎರಡಕ್ಕೂ ಕಷ್ಟವಾಯಿತು. ರಾಗ ಏರುತ್ತಿದ್ದಂತೆ ಎದ್ದು ಹೋಗಿ ತಟ್ಟೆ ಮಗುಚುವುದು ಒಂದು ಸೊಗಸು ಎಂದು ಕೆಲವರು ಹೇಳುತ್ತಾರೆ. ಚಿತ್ರಗೀತೆಗೆ ಇರಬಹುದು. ಮನ್ಸೂರರ ಖಯಾಲಿಗೆ ಅದು ಅಡ್ಡಿಯೇ. 74 ನಿಮಿಷದ ಸಿಡಿ ಬಂದದ್ದು ಪಾಶ್ಚಾತ್ಯರ ಸಿಂಫನಿಗೆ ಎಷ್ಟು ಉಪಕಾರವೋ ನಮ್ಮ ಖಯಾಲಿಗೂ ಅಷ್ಟೇ ಉಪಕಾರ.

ಹಾಗಿದ್ದರೆ ಎಲ್‌ಪಿಯ ದನಿ ಬೆಚ್ಚಗಿದೆ, ಇಂಪಾಗಿದೆ ಎಂದು ಇಷ್ಟು ಜನ ಹೇಳುವುದು ಸುಳ್ಳೇ? ಸುಳ್ಳಲ್ಲ. ಅವರು ಕೇಳಿದ್ದು ನಿಜ, ಕಾರಣ ಕೊಡುವುದರಲ್ಲಿ ತಪ್ಪುತ್ತಾರೆ. ತೊಂಬತ್ತರ ದಶಕದಿಂದೀಚೆಗೆ ಸಿಡಿಗೆ ದನಿ ಸಿದ್ಧಮಾಡುವವರು ಎಲ್ಲವನ್ನೂ ಜೋರು ಮಾಡುವ ಪೈಪೋಟಿಗೆ ಬಿದ್ದರು. ಮೆಲ್ಲಗಿನದನ್ನು ಎತ್ತಿ, ಜೋರಿನದನ್ನು ಅದುಮಿ, ಇಡೀ ಹಾಡನ್ನು ಒಂದೇ ಎತ್ತರಕ್ಕೆ ತಂದು ನಿಲ್ಲಿಸಿದರು. ಹಳೆಯ ಕನ್ನಡ ಚಿತ್ರಗೀತೆಗಳ ಎಷ್ಟೋ ಮರುಮುದ್ರಣಗಳಲ್ಲೂ ಇದು ಕೇಳಿಸುತ್ತದೆ: ಪಿ. ಬಿ. ಶ್ರೀನಿವಾಸ್ ಪಿಸುಗುಟ್ಟುವ ಕಡೆಯೂ ಕೂಗಿದಂತೆ, ಹಿಂದಿನ ಕೊಳಲು ಮುಖಕ್ಕೆ ಬಂದು ಹೊಡೆದಂತೆ. ಎಲ್‌ಪಿಯ ಗೆರೆಗೆ ಅಷ್ಟೊಂದು ಜೋರು ತಡೆಯುವುದಿಲ್ಲ, ಮುಳ್ಳು ಹಾರಿಬಿಡುತ್ತದೆ. ಆದ್ದರಿಂದ ಎಲ್‌ಪಿಗೆ ದನಿ ಸಿದ್ಧಮಾಡುವವನು ಹದ ತಪ್ಪುವಂತಿಲ್ಲ. ಹೀಗೆ ಕಡಿಮೆ ಸಾಮರ್ಥ್ಯದ ಸಾಧನ ಹೆಚ್ಚು ಇಂಪಾಗಿ ಕೇಳಿಸಿದ್ದುಂಟು. ಅದು ಸಿಡಿಯ ದೋಷವಲ್ಲ, ಸಿಡಿಯನ್ನು ಕೈಯಲ್ಲಿ ಹಿಡಿದವರ ದೋಷ.

2022ರಲ್ಲಿ ನಡೆದ ಒಂದು ಪ್ರಸಂಗ ಈ ಮಾತಿಗೆ ದೊಡ್ಡ ಸಾಕ್ಷಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ದುಬಾರಿ ಎಲ್‌ಪಿಗಳಿಗೆ ರಸಿಕರು ಮುಗಿಬೀಳುತ್ತಿದ್ದರು. ಮೂಲ ಟೇಪಿನಿಂದ ತಟ್ಟೆಗೆ ಬರುವ ದಾರಿಯಲ್ಲಿ ಡಿಜಿಟಲ್ ಎಂಬುದರ ಸೋಂಕೇ ಇಲ್ಲ ಎಂದು ಅವರ ನಂಬಿಕೆ. ಆದರೆ ಕಂಪನಿ ವರ್ಷಗಳಿಂದ ಎಷ್ಟೋ ತಟ್ಟೆಗಳಿಗೆ ನಡುವೆ ಒಂದು ಡಿಜಿಟಲ್ ಪ್ರತಿ ಮಾಡಿಕೊಂಡೇ ಗೆರೆ ಕೊರೆಯುತ್ತಿತ್ತು ಎಂಬುದು ಹೊರಬಿತ್ತು. ಗಲಾಟೆ ಎದ್ದಿತು, ಕೋರ್ಟಿಗೂ ಹೋಯಿತು. ಅಷ್ಟು ವರ್ಷ ಅದೇ ತಟ್ಟೆಗಳ ಶುದ್ಧತೆಯನ್ನು ಹಾಡಿ ಹೊಗಳಿದ ಕಿವಿಗಳಿಗೆ ಆ ಡಿಜಿಟಲ್ ಮೆಟ್ಟಿಲು ಗೊತ್ತಾಗಿರಲಿಲ್ಲ. ಆ ರಸಿಕರನ್ನು ಹಂಗಿಸಲು ನಾನು ಇದನ್ನು ಹೇಳುತ್ತಿಲ್ಲ. ಅವರು ಇಷ್ಟಪಟ್ಟ ಇಂಪು ನಿಜವಾಗಿಯೂ ಅಲ್ಲಿತ್ತು. ಅದು ಬಂದದ್ದು ಟೇಪನ್ನು ಎಚ್ಚರದಿಂದ ಕೇಳಿ, ಹದವರಿತು ತಟ್ಟೆಗಿಳಿಸಿದವರ ಕೈಯಿಂದ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಕ್ಕಡಿ ಸಿಡಿಯ ಕಡೆಗೇ ವಾಲಿದೆ. ಆದರೆ ಸಂಗೀತ ಬರೀ ಡೆಸಿಬೆಲ್ಲಿನ ವ್ಯವಹಾರ ಆಗಿದ್ದರೆ ನಮ್ಮ ಸಂಗೀತದ ಚರಿತ್ರೆಯೇ ಬೇರೆಯಾಗುತ್ತಿತ್ತು. ಗದಗಿನ ಕಡೆಯ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿದ್ದು, ಹಾಗೆ ಹಾಡಲು ಕಲಿಯಬೇಕೆಂದು ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅವನಿಗೆ ಸಿಕ್ಕಿದ್ದು ಮೂರು ನಿಮಿಷ ಚಿಲ್ಲರೆ, ಅದೂ ಚರಪರ ಸದ್ದಿನ ನಡುವೆ, ತಂಬೂರಿಯಿಲ್ಲದೆ. ಅಷ್ಟು ಸಾಕಾಯಿತು. ಮೂರು ನಿಮಿಷದ ಆ ಕಟ್ಟು ಗಾಯಕರಿಗೆ ಒಂದು ಶಿಕ್ಷಣವನ್ನೂ ಕೊಟ್ಟಿತು. ಗಂಟೆಗಟ್ಟಲೆ ಹಾಡುತ್ತಿದ್ದವರು ರಾಗದ ಮುಖವನ್ನು ಮೊದಲ ಸ್ವರಗುಚ್ಛದಲ್ಲೇ ತೋರಿಸಿ, ಒಂದಿಷ್ಟು ಬಡತ್, ಒಂದೆರಡು ತಾನು, ಮತ್ತೆ ಮುಖಡಾ ಹಿಡಿದು ಮುಗಿಸಬೇಕಿತ್ತು. ಅಬ್ದುಲ್ ಕರೀಂ ಖಾನರು ಆ ಕಲೆಯಲ್ಲಿ ಗೆದ್ದರು. ಮನ್ಸೂರರು ಎಚ್‌ಎಂವಿಗೆ ಎಳೆಯ ವಯಸ್ಸಿನಲ್ಲಿ ಹಾಡಿದ ಅಡಾಣಾ ಕೇಳಿದರೆ ಒಂದು ಮಾತ್ರೆಯನ್ನೂ ವ್ಯರ್ಥ ಮಾಡದ ಅವಸರ, ಆ ಅವಸರದಲ್ಲೂ ಕೆಡದ ಹದ ಕಾಣುತ್ತದೆ. ಭಾವಗೀತೆಗಂತೂ ಆ ಅಳತೆ ಹೇಳಿ ಮಾಡಿಸಿದಂತಿತ್ತು, ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಹಾಡಿ ಕನ್ನಡ ಕವಿತೆಯನ್ನು ಮನೆಮನೆಗೆ ಒಯ್ದದ್ದು ಈ ತಟ್ಟೆಗಳ ಕಾಲದಲ್ಲೇ. ನಾನಿರುವ ವಿದರ್ಭಕ್ಕೂ ಇದರಲ್ಲಿ ಪಾಲಿದೆ. ಮರಾಠಿ ಭಾವಗೀತೆಯ ಮೊದಲ ಹೆಜ್ಜೆ ಎಂದು ಇಲ್ಲಿಯವರು ಹೇಳುವ ಪ್ಲೇಟು ಮೆಹಕರದ ಕವಿ ನಾ. ಘ. ದೇಶಪಾಂಡೆಯವರ ಕವಿತೆಯದು. ಹಾಡಿದವರು ಜಿ. ಎನ್. ಜೋಶಿ. ಅವರೇ ಮುಂದೆ ಮುಂಬಯಿಯ ಎಚ್‌ಎಂವಿಯಲ್ಲಿ ಕೂತು ದೊಡ್ಡ ದೊಡ್ಡ ಗಾಯಕರಿಂದ ಹಾಡಿಸಿದರು.

ಈಗಿನ ಆ್ಯಪುಗಳಲ್ಲಿ ಇಂಥ ಕಟ್ಟು ಇಲ್ಲ. ಎಷ್ಟು ಹೊತ್ತಾದರೂ ಹಾಡಬಹುದು. ಕೇಳುವವರು ಮಾತ್ರ ಇಪ್ಪತ್ತು ಸೆಕೆಂಡಿಗೇ ಮುಂದಿನದಕ್ಕೆ ಬೆರಳು ಒತ್ತುತ್ತಾರೆ. ತಟ್ಟೆಯ ಮುಂದೆ ಕೂತವನು ಹಾಗೆ ಮಾಡುವುದು ಕಡಿಮೆ. ಕವರಿನಿಂದ ತೆಗೆದು, ಅಂಚು ಹಿಡಿದು, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ತೋಳನ್ನು ಎತ್ತಿ ಮೆಲ್ಲಗೆ ಇಳಿಸಿ ಬಂದು ಕೂತ ಮೇಲೆ ಆ ಬದಿ ಮುಗಿಯುವವರೆಗೆ ಏಳುವ ಮನಸ್ಸಾಗುವುದಿಲ್ಲ. ಕೇಳುವ ಶ್ರದ್ಧೆಯನ್ನು ಸಾಧನವೇ ಬೇಡುತ್ತದೆ. ಎಲ್‌ಪಿಯ ಪರವಾಗಿ ಹೇಳುವ ಮಾತುಗಳಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು ಇದು. ಇದಕ್ಕೆ ಸಿಡಿಯವರ ಬಳಿ, ಫೈಲಿನವರ ಬಳಿ ಪೂರ್ತಿ ಉತ್ತರವಿಲ್ಲ.

ಆದರೆ ಆ ಶ್ರದ್ಧೆ ಎಲ್ಲ ಊರಲ್ಲೂ ಒಂದೇ ಬೆಲೆಗೆ ಸಿಗುವುದಿಲ್ಲ. ಕಳಮನಾದ ಮಾರುಕಟ್ಟೆ ನಾಗಪುರದ ದೊಡ್ಡ ಮಾರುಕಟ್ಟೆ. ಕಾಳುಕಡ್ಡಿ, ಕಿತ್ತಳೆ, ಒಣಮೆಣಸಿನಕಾಯಿ ಎಲ್ಲ ಇಲ್ಲಿಗೇ ಬಂದು ಇಳಿಯುವುದು. ಸುಗ್ಗಿಯಲ್ಲಿ ಲಾರಿಗಳು ಎಬ್ಬಿಸುವ ಧೂಳಿಗೆ ಮೆಣಸಿನಕಾಯಿಯ ಘಾಟೂ ಸೇರಿರುತ್ತದೆ. ವಿನೈಲ್ ತಟ್ಟೆಯನ್ನು ಕವರಿನಿಂದ ಎಳೆದರೆ ಸಾಕು, ಅದರ ಮೈಮೇಲೆ ಸ್ಥಿರವಿದ್ಯುತ್ತು ಹುಟ್ಟಿ ಧೂಳನ್ನು ಕರೆದು ಅಂಟಿಸಿಕೊಳ್ಳುತ್ತದೆ; ಒಣಹವೆಯಲ್ಲಿ ಇನ್ನೂ ಹೆಚ್ಚು. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 45 ಡಿಗ್ರಿ ದಾಟುವುದು ಮಾಮೂಲು. ಎಲ್‌ಪಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ, ಇಲ್ಲವೇ ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ, ಒಂದು ಬೇಸಿಗೆಯಲ್ಲೇ ಅವು ಬಾಗುತ್ತವೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮರೆತರಂತೂ ಒಂದು ಮಧ್ಯಾಹ್ನ ಸಾಕು. ಬಾಗಿದ ತಟ್ಟೆಯ ಮೇಲೆ ಮುಳ್ಳು ಏರಿ ಇಳಿಯುವಾಗ ಷಡ್ಜವೇ ಅಲುಗಾಡುತ್ತದೆ. ಶ್ರುತಿಯನ್ನೇ ದೇವರೆಂದುಕೊಂಡವರಿಗೆ ಇದನ್ನು ಕೇಳುವುದು ಹಿಂಸೆ. ಬೇಸಿಗೆ ತಡೆಯಲು ಇಲ್ಲಿ ಮನೆಮನೆಯಲ್ಲೂ ಕೂಲರ್ ಹಾಕುತ್ತಾರೆ. ಅದರ ತೇವದ ಗಾಳಿಗೆ ತಟ್ಟೆಗೇನೂ ಆಗದಿದ್ದರೂ ಕಾಗದದ ಕವರಿಗೆ ಬೂಷ್ಟು ಹಿಡಿಯುತ್ತದೆ. ಲಂಡನ್ನಿನ ತಂಪಿನಲ್ಲಿ ಕೂತು ಎಲ್‌ಪಿ ನೂರು ವರ್ಷ ಬಾಳುತ್ತದೆ ಎಂದು ಹೇಳುವವರ ಮಾತು ಅಲ್ಲಿಗೆ ಸರಿ. ಇಲ್ಲಿ, ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಎಲ್‌ಪಿ ಬಾಳಬೇಕಾದರೆ ನೆಟ್ಟಗೆ ನಿಲ್ಲಿಸಿಟ್ಟು, ತಂಪಾದ ಕೋಣೆ ಹುಡುಕಿ, ಮಕ್ಕಳಂತೆ ನೋಡಿಕೊಳ್ಳಬೇಕು.

ಸಿಡಿಗೆ ಈ ಕಾಟ ಕಡಿಮೆ. ಅದನ್ನು ಓದುವುದು ಬೆಳಕು, ಮುಳ್ಳಲ್ಲ. ಆದ್ದರಿಂದ ಎಷ್ಟು ಸಲ ಕೇಳಿದರೂ ಸವೆಯುವುದಿಲ್ಲ. ಆದರೂ ಇವತ್ತು ಎಲ್ಲರೂ ಮರೆತಿರುವುದು ಅದನ್ನೇ. ಅದಕ್ಕೆ ಎಲ್‌ಪಿಯ ಚೆಲುವಿಲ್ಲ, ಫೋನಿನ ಸಲೀಸಿಲ್ಲ. ನಮ್ಮಲ್ಲಿ ಅದರ ಹೆಸರು ಕೆಡಿಸಿದ್ದು ಫುಟ್‌ಪಾತಿನ ಎಂಪಿ3 ಸಿಡಿಗಳು. ಒಂದೇ ತಟ್ಟೆಯಲ್ಲಿ ನೂರೈವತ್ತು ಹಾಡು ಎಂದರೆ ಸಿಡಿಯ ಮೂಲ ದನಿಯ ಹತ್ತನೇ ಒಂದು ಪಾಲನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಎಸೆದದ್ದು ಎಂದರ್ಥ. ಅದನ್ನು ಕೇಳಿ ಸಿಡಿಯೇ ಸಪ್ಪೆ ಎಂದು ತೀರ್ಮಾನಿಸಿದವರು ಬಹಳ. ಮನೆಯ ಕಂಪ್ಯೂಟರಿನಲ್ಲಿ ಬರೆದುಕೊಂಡ ಸಿಡಿಗಳು ಬಣ್ಣದ ಲೇಪ ಕೆಟ್ಟು ಹತ್ತು ಹದಿನೈದು ವರ್ಷಕ್ಕೇ ಓದದಂತಾದವು. ಕಾರ್ಖಾನೆಯಲ್ಲಿ ಅಚ್ಚಾದವು ಇನ್ನೂ ಚೆನ್ನಾಗಿಯೇ ಹಾಡುತ್ತಿವೆ. ಕ್ಯಾಸೆಟ್ಟಿನ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ದನಿಯಲ್ಲಿ ಅದು ಎಲ್‌ಪಿ, ಸಿಡಿ, ಫೈಲು ಮೂರಕ್ಕಿಂತಲೂ ಹಿಂದೆ, ಆದರೆ 1978ರಲ್ಲಿ ಬಂದ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ದ ಧ್ವನಿಸುರುಳಿ ಕನ್ನಡಕ್ಕೆ ಮಾಡಿದ ಉಪಕಾರವನ್ನು ಯಾವ ಎಲ್‌ಪಿಯೂ ಮಾಡಿಲ್ಲ.

ಡಿಜಿಟಲ್ ಕೊಟ್ಟದ್ದು ಏನು ಎಂಬುದು ಕರ್ನಾಟಕದ ಒಳಗಿರುವವರಿಗಿಂತ ಹೊರಗಿರುವ ನಮಗೆ ಹೆಚ್ಚು ಗೊತ್ತು. ನಾಗಪುರದ ಸೀತಾಬರ್ಡಿಯಲ್ಲಿ ಮರಾಠಿ, ಹಿಂದಿ ಕ್ಯಾಸೆಟ್ಟು ರಾಶಿ ರಾಶಿ ಇದ್ದ ಕಾಲದಲ್ಲೂ ಕನ್ನಡದ್ದು ಬೇಕೆಂದರೆ ಊರಿಗೆ ಹೋದಾಗಲೇ ತರಬೇಕು, ಇಲ್ಲವೇ ಬರುವವರ ಕೈಲಿ ತರಿಸಬೇಕು. ಈಗ ರಾತ್ರಿ ಹನ್ನೊಂದಕ್ಕೆ ಮನ್ಸೂರರ ವಚನಗಾಯನ ಕೇಳಬೇಕೆನ್ನಿಸಿದರೆ ಕೇಳಬಹುದು. ಧಾರವಾಡದ ಮನೆಗಳಲ್ಲಿ, ಮಠಗಳ ಅಂಗಳದಲ್ಲಿ ನಡೆದ ಬೈಠಕ್ಕುಗಳನ್ನು ರಸಿಕರು ಸ್ಪೂಲ್ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಯಾವ ಕಂಪನಿಯೂ ಅವುಗಳನ್ನು ಎಲ್‌ಪಿ ಮಾಡಲಿಲ್ಲ, ಮಾಡುವ ಲಾಭವೂ ಅದರಲ್ಲಿರಲಿಲ್ಲ. ಬಸವರಾಜ ರಾಜಗುರು ಮನಸ್ಸು ಬಿಚ್ಚಿ ಎರಡು ಗಂಟೆ ಹಾಡಿದ್ದು ಇವತ್ತು ನಮಗೆ ಸಿಗುತ್ತಿದೆಯೆಂದರೆ ಅಂಥ ಟೇಪುಗಳನ್ನು ಯಾರೋ ಪುಣ್ಯಾತ್ಮರು ಡಿಜಿಟಲ್ಲಿಗೆ ಇಳಿಸಿದ್ದರಿಂದ.

ಆದರೆ ಸಿಗುವುದು ಬೇರೆ, ನಮ್ಮದಾಗಿ ಉಳಿಯುವುದು ಬೇರೆ. ಏರ್‌ಟೆಲ್ಲಿನ ವಿಂಕ್ ಮ್ಯೂಸಿಕ್ ಕೋಟಿಗಟ್ಟಲೆ ಜನ ಬಳಸುತ್ತಿದ್ದ ಆ್ಯಪು. 2024ರಲ್ಲಿ ಅದನ್ನು ಮುಚ್ಚುವುದಾಗಿ ಕಂಪನಿ ಹೇಳಿತು, ಮುಚ್ಚಿತು. ಮೈಸ್ಪೇಸ್ ಎಂಬ ತಾಣ 2003ರಿಂದ 2015ರವರೆಗೆ ಜನ ಅಲ್ಲಿಟ್ಟಿದ್ದ ಹಾಡುಗಳನ್ನೆಲ್ಲ ಸರ್ವರ್ ಬದಲಿಸುವಾಗ ಕಳೆದುಕೊಂಡಿತು. 2019ರಲ್ಲಿ ಅದು ಬಯಲಾಯಿತು. 1930ರ ದಶಕದ ಅರಗಿನ ತಟ್ಟೆ ಯಾರೂ ಕೇಳದೆ, ಯಾರೂ ಮುಟ್ಟದೆ ಟ್ರಂಕಿನಲ್ಲಿ ಎಂಬತ್ತು ವರ್ಷ ಬಿದ್ದಿದ್ದರೂ ಕೀಲಿ ಕೊಟ್ಟರೆ ಹಾಡುತ್ತದೆ. ಡಿಜಿಟಲ್ ಫೈಲನ್ನು ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಯಾರಾದರೂ ನೆನಪಿಟ್ಟು ಸಾಗಿಸಬೇಕು. ಮರೆತರೆ ಹೋಯಿತು.

ಇನ್ನೊಂದು ನಷ್ಟದ ಬಗ್ಗೆ ಜನ ಮಾತಾಡುವುದೇ ಇಲ್ಲ. ಎಲ್‌ಪಿಯ ಹಿಂಬದಿಯಲ್ಲಿ ರಾಗ, ತಾಳ, ತಬಲಾ ನುಡಿಸಿದವರು, ಹಾರ್ಮೋನಿಯಂ ಹಿಡಿದವರು, ಕೆಲವೊಮ್ಮೆ ಗಾಯಕರ ಗುರುಪರಂಪರೆಯ ಬಗ್ಗೆ ಒಂದು ಪುಟ್ಟ ಲೇಖನ ಎಲ್ಲ ಇರುತ್ತಿತ್ತು. ಚಿತ್ರಗೀತೆಯ ಇಪಿ ಮೇಲೆ ಬರೆದವರು ಚಿ. ಉದಯಶಂಕರ್, ಸಂಗೀತ ಜಿ. ಕೆ. ವೆಂಕಟೇಶ್ ಎಂದು ಅಚ್ಚಾಗಿರುತ್ತಿತ್ತು. ಆ್ಯಪು ತೆರೆದರೆ ಭಾವಗೀತೆಗೆ ಕವಿಯ ಹೆಸರಿಲ್ಲ, ಖಯಾಲಿಗೆ ತಬಲಾದವರ ಹೆಸರಿಲ್ಲ, ಎಷ್ಟೋ ಕಡೆ ರಾಗದ ಹೆಸರೂ ತಪ್ಪು. ಇದಕ್ಕೆ ತಂತ್ರಜ್ಞಾನದ ಅಡ್ಡಿ ಏನೇನೂ ಇಲ್ಲ. ಹೆಸರು ಬರೆಯಲು ಎಷ್ಟು ಜಾಗ ಬೇಕು? ಬರೆಯುವ ಮನಸ್ಸಿಲ್ಲ, ಅಷ್ಟೇ. ಕನ್ನಡದ ಕವಿಗಳನ್ನು, ಪಕ್ಕವಾದ್ಯದವರನ್ನು ಹೀಗೆ ಅನಾಮಧೇಯ ಮಾಡುತ್ತಿರುವುದು ನನಗೆ ಸಿಟ್ಟು ತರಿಸುವ ಸಂಗತಿ.

ತಟ್ಟೆ, ಸಿಡಿ, ಫೈಲು ಈ ಮೂರೂ ಒಂದಕ್ಕೊಂದು ಶತ್ರುಗಳಲ್ಲ ಎಂಬುದಕ್ಕೆ ಮೈಸೂರಿನ ಎರಡು ಪ್ರಸಂಗಗಳು ನೆನಪಾಗುತ್ತವೆ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು, ಅರಮನೆಯಲ್ಲಿ ಸಾವಿರಾರು ಪ್ಲೇಟುಗಳ ಸಂಗ್ರಹ. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ವಾದಕ, ರಚನೆಕಾರ ಕಾಯಿಲೆ ಬಿದ್ದು ಜನಕ್ಕೆ ಮರೆತುಹೋಗಿದ್ದ ಹೊತ್ತಿನಲ್ಲಿ, ಒಡೆಯರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿದರು. ಎಚ್‌ಎಂವಿ ಮೆಟ್ನರ್ ಅವರ ಮೂರು ಪಿಯಾನೊ ಕಾನ್ಸರ್ಟೊಗಳನ್ನೂ ಬೇರೆ ಕೃತಿಗಳನ್ನೂ ಅವರ ಕೈಯಲ್ಲೇ ನುಡಿಸಿ 78ರ ತಟ್ಟೆಗಳಲ್ಲಿ ಹಿಡಿಯಿತು. ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅರ್ಧ ಗಂಟೆಯ ಒಂದು ಕೃತಿಯನ್ನು ನಾಲ್ಕು ನಾಲ್ಕು ನಿಮಿಷಕ್ಕೆ ತುಂಡರಿಸಿ ಹಿಡಿದ ಆ ತಟ್ಟೆಗಳನ್ನು ಆಗ ಕೊಂಡವರು ಕೆಲವರೇ. ಮುಂದೆ ಅವು ಸಿಡಿಯಾಗಿ ಬಂದಾಗ ತುಂಡುಗಳು ಮತ್ತೆ ಕೂಡಿಕೊಂಡವು, ಜಗತ್ತಿನ ಪಿಯಾನೊ ವಿದ್ಯಾರ್ಥಿಗಳ ಕೈಗೆ ಸಿಕ್ಕಿದವು.

ಎರಡನೆಯದು ಗಾಯಕಿ ಗೌಹರ್ ಜಾನ್ ಅವರದು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಗಾಯನವನ್ನು ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಹಳೆಯ ಮುಂದೆ ಹಿಡಿದ. ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೊವರಿನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರ ಹಾಡೆಂದು ಗೊತ್ತಾಗಬೇಕಲ್ಲ. ಇಡೀ ದೇಶಕ್ಕೆ ದನಿಯಾದ ಆ ಕಲಾವಿದೆಗೆ ಕೊನೆಗಾಲದಲ್ಲಿ ಆಸರೆ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1930ರ ಜನವರಿ 17ರಂದು ಮೈಸೂರಿನ ಆಸ್ಪತ್ರೆಯಲ್ಲಿ ಅವರು ಕಣ್ಣು ಮುಚ್ಚಿದರು. ಅವರ ಜೀವನಚರಿತ್ರೆ ಬರೆದ ವಿಕ್ರಂ ಸಂಪತ್ ಮುಂದೆ ಬೆಂಗಳೂರಿನಲ್ಲಿ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕಟ್ಟಿ, ಹಳೆಯ ಪ್ಲೇಟುಗಳನ್ನು ಡಿಜಿಟಲ್ಲಿಗೆ ಇಳಿಸಿ, ಯಾರು ಬೇಕಾದರೂ ಬಿಟ್ಟಿಯಾಗಿ ಕೇಳುವಂತೆ ಮಾಡಿದರು.

ಈ ಇಳಿಸುವ ಕೆಲಸವೂ ಕುರುಡಾಗಿ ಆಗತಕ್ಕದ್ದಲ್ಲ. 78ರ ಪ್ಲೇಟು ಎಂದರೂ ಆರಂಭದ ತಟ್ಟೆಗಳನ್ನು ಮುದ್ರಿಸಿದ್ದು ಸರಿಯಾಗಿ 78ರ ವೇಗದಲ್ಲಲ್ಲ. 74ರಲ್ಲಿ ಹಿಡಿದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರುತ್ತದೆ, ಲಯವೂ ಓಡುತ್ತದೆ. ಹಾಗೆ ತಪ್ಪು ವೇಗದಲ್ಲಿ ಇಳಿಸಿದ ಫೈಲು ಕೇಳಿ ಆ ಗಾಯಕಿಯ ದನಿ ಎಷ್ಟು ತೆಳು ಎಂದು ನಾವು ಷರಾ ಬರೆದುಬಿಡುತ್ತೇವೆ. ಗಂಗೂಬಾಯಿಯವರ ಎಳೆಯ ದನಿಯ ಬಗ್ಗೆ ಮಾತಾಡುವಾಗಲೂ ಈ ಎಚ್ಚರ ಬೇಕು. ಚರಪರ ಸದ್ದು ತೆಗೆಯುವ ಭರದಲ್ಲಿ ಸಕಾರ ಷಕಾರಗಳನ್ನೂ ಸ್ವರದ ಅಂಚನ್ನೂ ಅಳಿಸಿಹಾಕುವುದು ಇನ್ನೊಂದು ಅನಾಹುತ. ಸದ್ದು ಇರಲಿ, ದನಿ ಉಳಿಯಲಿ. ಕಿವಿ ಎರಡು ನಿಮಿಷದಲ್ಲಿ ಸದ್ದನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಅಳಿಸಿದ ದನಿಯನ್ನು ಮಾತ್ರ ಯಾವ ಕಿವಿಯೂ ಮರಳಿ ತರಲಾರದು.

ನನ್ನ ತೀರ್ಮಾನ ಕೇಳಿದರೆ ಹೀಗೆ. ಖಯಾಲು, ಕಛೇರಿ, ದೀರ್ಘವಾದದ್ದೇನಿದ್ದರೂ ಸಿಡಿಯಲ್ಲಿ, ಇಲ್ಲವೇ ಏನನ್ನೂ ಕತ್ತರಿಸದ ಫೈಲಿನಲ್ಲಿ ಕೇಳುವುದು ಮೇಲು. ಹಳೆಯ ಸಿಡಿಗಳು ಈಗ ಅಗ್ಗಕ್ಕೆ ಸಿಗುತ್ತಿವೆ, ಕೊಳ್ಳುವುದಾದರೆ ಇದೇ ಸಮಯ. ಡಿಜಿಟಲ್ಲಿನಲ್ಲೇ ಹುಟ್ಟಿದ ಹೊಸ ಹಾಡನ್ನು ಎರಡು ಮೂರು ಸಾವಿರ ಕೊಟ್ಟು ಎಲ್‌ಪಿಯಲ್ಲಿ ಕೊಂಡರೆ ಕವರಿನ ಚೆಲುವು ಸಿಗುತ್ತದೆ, ಹೆಚ್ಚಿನ ದನಿ ಸಿಗುವುದಿಲ್ಲ. ಆ ಚೆಲುವಿಗೇ ಕೊಡುತ್ತೇನೆ ಎನ್ನುವವರ ಆನಂದಕ್ಕೆ ನನ್ನ ತಕರಾರಿಲ್ಲ. ಅರವತ್ತು ಎಪ್ಪತ್ತರ ದಶಕದಲ್ಲಿ ಅಚ್ಚಾದ ಮೂಲ ಎಲ್‌ಪಿ ಸಿಕ್ಕರೆ ಮಾತ್ರ ಬಿಡಬೇಡಿ. ಅದರ ಗೆರೆಯಲ್ಲಿ ಆ ಕಾಲದ ಎಂಜಿನಿಯರುಗಳ ಹದವಿದೆ, ಹಿಂಬದಿಯಲ್ಲಿ ಆ ಕಾಲದ ಹೆಸರುಗಳಿವೆ.

ಕನ್ನಡದ 78ರ ಪ್ಲೇಟುಗಳ ವಿಷಯದಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ತಟ್ಟೆಯೂ ಬೇಕು, ಫೈಲೂ ಬೇಕು. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ 60 ವರ್ಷಕ್ಕೆ ಮುಗಿಯುತ್ತದೆ. ಗಾಂಧಾರಿಯ ಪ್ಲೇಟುಗಳು, ಕಂಪನಿ ನಾಟಕದ ಪ್ಲೇಟುಗಳು, ಕಾಳಿಂಗರಾಯರ ಆರಂಭದ ಪ್ಲೇಟುಗಳು ಮುದ್ರಣಗಳಾಗಿ ಈಗ ಎಲ್ಲರ ಸೊತ್ತು. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಮಾತ್ರ ಬೇರೆ ಲೆಕ್ಕ. ಹುಬ್ಬಳ್ಳಿ, ಗದಗ, ಬೆಳಗಾವಿ, ಸೊಲ್ಲಾಪುರದ ಹಳೆಯ ಮನೆಗಳ ಅಟ್ಟದಲ್ಲಿ ಇಂಥವು ಇನ್ನೂ ಇರುತ್ತವೆ. ನಿಮ್ಮ ಮನೆಯಲ್ಲಿ ಇದ್ದರೆ ಗುಜರಿಯವನಿಗೆ ಹಾಕಬೇಡಿ, ಹಳೆಯ ಉಕ್ಕಿನ ಮುಳ್ಳಿನಿಂದ ನುಡಿಸಿ ನೋಡಲೂ ಹೋಗಬೇಡಿ. ಲೇಬಲ್ಲಿನ ಎರಡೂ ಬದಿಯ ಫೋಟೊ ತೆಗೆದು, ಅದರ ಮೇಲಿನ ನಂಬರನ್ನೂ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು, ಬೆಂಗಳೂರಿನ ಜೆ. ಪಿ. ನಗರದ ಸಂಗೀತ ಸಂಗ್ರಹಾಲಯಕ್ಕೋ, ನಿಮಗೆ ಗೊತ್ತಿರುವ ಸಂಗ್ರಾಹಕರಿಗೋ, ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೋ ತಿಳಿಸಿ.